ನಗರಸಭೆಯ ಕೈಯಲ್ಲಿ ಎಷ್ಟಿದೆ?

ಕರ್ನಾಟಕದಲ್ಲಿ 50 ಸಾವಿರದಿಂದ 3 ಲಕ್ಷದವರೆಗೆ ಜನಸಂಖ್ಯೆ ಇರುವ ಊರುಗಳನ್ನು ಸಾಮಾನ್ಯವಾಗಿ ನಗರಸಭೆ ನೋಡಿಕೊಳ್ಳುತ್ತದೆ. ಇದಕ್ಕೆ ಆಧಾರ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ವಾರ್ಡುಗಳಿಂದ ಆರಿಸಿ ಬಂದ ಸದಸ್ಯರು, ಅವರು ತಮ್ಮಲ್ಲೇ ಆರಿಸಿಕೊಂಡ ಅಧ್ಯಕ್ಷರು, ಮತದ ಹಕ್ಕಿರುವ ಶಾಸಕರು ಮತ್ತು ಸಂಸದರು, ಮತದ ಹಕ್ಕಿಲ್ಲದ ನಾಮನಿರ್ದೇಶಿತರು ಸೇರಿ ತೀರ್ಮಾನ ಕೈಗೊಳ್ಳುತ್ತಾರೆ. ಜಾರಿಯ ಹೊಣೆ ಸರ್ಕಾರ ನೇಮಿಸಿದ ಪೌರಾಯುಕ್ತರದು. ಠರಾವು ಮಾಡುವವರು ಜನರಿಗೆ ಉತ್ತರ ಹೇಳಬೇಕು, ಜಾರಿ ಮಾಡುವವರು ಸರ್ಕಾರಕ್ಕೆ. ಸಭೆಯ ಜಗಳಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಅಗ್ನಿಶಾಮಕ ಸೇವೆಯೂ ಅದರಲ್ಲಿದೆ, ಆದರೆ ಕರ್ನಾಟಕದಲ್ಲಿ ಅದು ರಾಜ್ಯದ ಇಲಾಖೆ. ನಗರಸಭೆಯ ಪಾಲಿಗೆ ನಿಜವಾಗಿ ಬಂದಿರುವುದು ಬೀದಿ, ಚರಂಡಿ, ನೀರು, ಕಸ, ಬೀದಿದೀಪ, ಸ್ಮಶಾನ, ಮಾರುಕಟ್ಟೆ.

ಒಂದು ವಾರ್ಡಿಗೆ ಸಿಮೆಂಟಿನ ಚರಂಡಿ ಬೇಕೆಂದರೆ ಕಿರಿಯ ಎಂಜಿನಿಯರ್ ಮೊದಲು ಜಾಗ ಅಳೆದು, ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದು ಅಂದಾಜುಪಟ್ಟಿ ಮಾಡುತ್ತಾರೆ. ಅದು ವರ್ಷದ ಕ್ರಿಯಾಯೋಜನೆಗೆ ಸೇರಿ ಸಾಮಾನ್ಯ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಅನುದಾನದ ಕೆಲಸವಾದರೆ ಯೋಜನೆಗೆ ಜಿಲ್ಲಾಧಿಕಾರಿಯ ಅನುಮೋದನೆಯೂ ಬೇಕು. ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ ದಾಖಲಾಗದೆ ಗುತ್ತಿಗೆದಾರರ ಬಿಲ್ಲು ಮುಂದಕ್ಕೆ ಹೋಗುವುದಿಲ್ಲ. ಈ ಮಳೆಗಾಲದಲ್ಲಿ ಕೇಳಿದ ಚರಂಡಿ ಮುಂದಿನ ಮಳೆಗಾಲಕ್ಕೆ ಸಿಕ್ಕರೆ ಬೇಗ ಆಯಿತೆಂದೇ ಲೆಕ್ಕ.

ಪೈಪು ಒಡೆದಾಗ, ಬೋರ್‌ವೆಲ್ ಮೋಟಾರು ಸುಟ್ಟಾಗ ಇಷ್ಟು ಕಾಯಲಾಗದು. ಮೊದಲು ಕೆಲಸ ಮಾಡಿಸಿ, ಖರ್ಚಿಗೆ ಸಭೆಯ ‘ಘಟನೋತ್ತರ ಮಂಜೂರಾತಿ’ ಕೇಳುವ ರೂಢಿಯಿದೆ. ತುರ್ತು ಎಂಬ ಮಾತಿಗೆ ಸಡಿಲ ಅರ್ಥ ಬಂದಷ್ಟೂ ಕಾರ್ಯಸೂಚಿಯ ಈ ಭಾಗ ಉದ್ದವಾಗುತ್ತದೆ, ಸದಸ್ಯರ ದನಿ ಏರುತ್ತದೆ.

ಹಣದ ಮಾತು ಇನ್ನಷ್ಟು ಸಿಕ್ಕಿನದು. 1979ರವರೆಗೆ ಊರಿಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಸುಂಕ ವಸೂಲಾಗುತ್ತಿತ್ತು. ಅದು ರದ್ದಾದ ಮೇಲೆ ಸ್ವಂತ ಆದಾಯದ ದೊಡ್ಡ ಮೂಲವೊಂದು ಹೋಗಿ, ಸರ್ಕಾರದ ಅನುದಾನದ ಮೇಲಿನ ಅವಲಂಬನೆ ಹೆಚ್ಚಿತು. ಈಗ ನಗರಸಭೆ ತಾನಾಗಿ ಎತ್ತುವುದು ಆಸ್ತಿ ತೆರಿಗೆ, ನೀರಿನ ಕಂದಾಯ, ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ಕಟ್ಟಡ ಪರವಾನಗಿ ಶುಲ್ಕ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ವರ್ಷಕ್ಕೆ ಶೇ 3ರಿಂದ 5ರಷ್ಟು ತೆರಿಗೆ ಏರಿಸುವ ವಿಷಯ ಬಂದಾಗ ಸಭೆಗಳು ಹೆಚ್ಚಾಗಿ ಕನಿಷ್ಠವಾದ 3ನ್ನೇ ಹಿಡಿಯುತ್ತವೆ. ಮತ ಕೇಳಬೇಕಾದವರ ಲೆಕ್ಕಾಚಾರ ಅದು.

ಉಳಿದದ್ದು ಅನುದಾನ. ರಾಜ್ಯ ಹಣಕಾಸು ಆಯೋಗದ ಹಣ ಬರುವಾಗಲೇ ವೇತನ, ವಿದ್ಯುತ್, ಮುಕ್ತನಿಧಿ ಎಂದು ಬೇರೆಬೇರೆಯಾಗಿ ಬರುತ್ತದೆ. ಹೆಸರಿಗೆ ತಕ್ಕಂತೆ ಕೈಬಿಚ್ಚಿ ಬಳಸಬಹುದಾದದ್ದು ಕೊನೆಯದು ಮಾತ್ರ. 15ನೇ ಕೇಂದ್ರ ಹಣಕಾಸು ಆಯೋಗವು ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ನಗರಗಳ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಇದರ ಜೊತೆಗೆ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂಬ ಮೀಸಲು. ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ಕಾಣುವ ‘ಉಳಿತಾಯ ಬಜೆಟ್’ ಎಂಬ ತಲೆಬರಹವನ್ನು ನಂಬಿ ಹಿಗ್ಗಬೇಕಿಲ್ಲ. ಬರಬಹುದಾದ ಅನುದಾನವನ್ನೂ ಬಾಕಿ ತೆರಿಗೆಯನ್ನೂ ಆದಾಯದ ಕಡೆ ಬರೆದುಕೊಂಡರೆ ಉಳಿತಾಯ ತೋರಿಸುವುದು ಕಷ್ಟವಲ್ಲ.

ಸಿಬ್ಬಂದಿಯ ವಿಷಯದಲ್ಲಿ ಸಭೆಯ ಮಾತು ಎಲ್ಲಕ್ಕಿಂತ ಕಡಿಮೆ ನಡೆಯುತ್ತದೆ. ಹುದ್ದೆ ಎಷ್ಟಿರಬೇಕೆಂದು ಮಂಜೂರು ಮಾಡುವುದು ಸರ್ಕಾರ, ಖಾಲಿ ಬಿದ್ದದ್ದಕ್ಕೆ ಬೈಸಿಕೊಳ್ಳುವುದು ನಗರಸಭೆ. 700 ಜನರಿಗೆ ಒಬ್ಬ ಪೌರಕಾರ್ಮಿಕರು ಎಂಬುದು ರಾಜ್ಯದ ಮಾನದಂಡ, 1.40 ಲಕ್ಷ ಜನರ ಊರಿಗೆ 200 ಮಂದಿ ಬೇಕು. ಬೀದಿ ಗುಡಿಸುವವರನ್ನು ಗುತ್ತಿಗೆಯಿಂದ ಬಿಡಿಸಿ ನೇರಪಾವತಿಗೆ ತರುವ ತೀರ್ಮಾನವನ್ನು ಸರ್ಕಾರ 2017ರಲ್ಲಿ ಕೈಗೊಂಡಿತು. 2022ರ ಮುಷ್ಕರದ ಬಳಿಕ ನೇರಪಾವತಿಯವರಲ್ಲಿ ಒಂದು ಪಾಲನ್ನು ಕಾಯಂ ಮಾಡಲು ಒಪ್ಪಿತು. ಕಸದ ಗಾಡಿಯ ಚಾಲಕರು, ಲೋಡರ್‌ಗಳು, ನೀರು ಬಿಡುವ ವಾಲ್ವ್‌ಮನ್‌ಗಳಲ್ಲಿ ಮಾತ್ರ ಬಹಳ ಮಂದಿ ಹೊರಗುತ್ತಿಗೆಯಲ್ಲೇ ಉಳಿದರು. ಅವರಿಗಾಗಿ ಸಭೆ ಮಾಡಬಹುದಾದ ಒಂದು ಕೆಲಸ, ಹೊರಗುತ್ತಿಗೆ ಟೆಂಡರಿಗೆ ಒಪ್ಪಿಗೆ ಕೊಡುವಾಗ ಪಿಎಫ್, ಇಎಸ್‌ಐ ಕಟ್ಟಿದ ರಸೀದಿ ಇಲ್ಲದೆ ಬಿಲ್ಲು ಪಾಸು ಮಾಡಬಾರದೆಂದು ಪಟ್ಟು ಹಿಡಿಯುವುದು. ಯಾವ ಓಣಿಯ ವಾಲ್ವು ಎಲ್ಲಿ ಹೂತಿದೆ ಎಂದು ನಕ್ಷೆಗಿಂತ ಚೆನ್ನಾಗಿ ಬಲ್ಲವರು ವಾಲ್ವ್‌ಮನ್‌ಗಳೇ. ಅವರು ರಜೆ ಹಾಕಿದ ದಿನ ಹೊಸ ಪೈಪ್‌ಲೈನ್ ಇದ್ದೂ ನಲ್ಲಿಯಲ್ಲಿ ನೀರಿರುವುದಿಲ್ಲ.

ಕಾನೂನಿಗೆ ವಿರುದ್ಧವೆಂದು ಕಂಡ ಠರಾವನ್ನು ಜಿಲ್ಲಾಧಿಕಾರಿ ತಡೆಹಿಡಿಯಬಹುದು. ಚುನಾಯಿತರಿಲ್ಲದಾಗ ಅಥವಾ ಅಧ್ಯಕ್ಷರ ಆಯ್ಕೆ ನಿಂತಾಗ ಆಡಳಿತಾಧಿಕಾರಿ ಬರುತ್ತಾರೆ. 2018ರ ಆಗಸ್ಟ್‌ನಲ್ಲಿ ಚುನಾವಣೆ ಕಂಡ ನಗರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟ್ ಮೆಟ್ಟಿಲೇರಿ, ಗೆದ್ದ ಸದಸ್ಯರು ಸುಮಾರು ಎರಡು ವರ್ಷ ಅಧಿಕಾರಕ್ಕಾಗಿ ಕಾದರು. ಮೊದಲ ಮೂವತ್ತು ತಿಂಗಳ ಅಧ್ಯಕ್ಷಾವಧಿ ಮುಗಿದ ಮೇಲೆ, ಎರಡನೇ ಅವಧಿಯ ಮೀಸಲಾತಿ 2024ರ ಆಗಸ್ಟ್‌ನಲ್ಲಿ ಪ್ರಕಟವಾಗುವವರೆಗೂ ಅದೇ ಸ್ಥಿತಿ. ಆ ತಿಂಗಳುಗಳಲ್ಲೂ ಕ್ರಿಯಾಯೋಜನೆ, ಟೆಂಡರ್, ಬಜೆಟ್ ಎಲ್ಲವೂ ಆಡಳಿತಾಧಿಕಾರಿಯ ಸಹಿಯಿಂದ ನಡೆದವು.