ನದಿಯಾಚೆ ಅಪರಾಧವಾಗುವ ಪಿಸ್ತೂಲು

2013ರಲ್ಲಿ ಫಿಲಡೆಲ್ಫಿಯಾದ ಮಹಿಳೆಯೊಬ್ಬರು ಕಾರಿನಲ್ಲಿ ನ್ಯೂಜೆರ್ಸಿಗೆ ಹೊರಟಿದ್ದರು. ಜೊತೆಯಲ್ಲಿ ಪಿಸ್ತೂಲು, ಅದಕ್ಕೆ ಪೆನ್ಸಿಲ್ವೇನಿಯಾ ಕೊಟ್ಟ ಪರ್ಮಿಟ್. ದಾರಿಯಲ್ಲಿ ಪೊಲೀಸರು ತಡೆದಾಗ ಮುಚ್ಚುಮರೆಯಿಲ್ಲದೆ ತಾವೇ ಹೇಳಿಬಿಟ್ಟರು. ಕೈಗೆ ಕೋಳ ಬಿತ್ತು. ಡೆಲವೇರ್ ನದಿಯ ಆ ದಡದಲ್ಲಿ ಹಕ್ಕಾಗಿದ್ದದ್ದು ಈ ದಡದಲ್ಲಿ ಜೈಲಿಗೆ ಹಾಕುವ ಅಪರಾಧ. ಕಡೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು.

ಅಮೆರಿಕದಲ್ಲಿ ಒಂದು ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಐವತ್ತೂ ರಾಜ್ಯಗಳಲ್ಲಿ ನಡೆಯುತ್ತದೆ. ಪಿಸ್ತೂಲಿನ ಪರ್ಮಿಟ್ ಮಾತ್ರ ಗಡಿ ದಾಟಿದರೆ ಆಚೆಯವರ ಮರ್ಜಿ. ಸುಮ್ಮನೆ ಹಾದುಹೋಗುವವರಿಗೆ 1986ರ ಕೇಂದ್ರ ಕಾಯ್ದೆಯ ರಕ್ಷಣೆಯುಂಟು, ಆದರೆ ಗುಂಡು ತೆಗೆದು, ಡಿಕ್ಕಿಯಲ್ಲೋ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇಟ್ಟಿರಬೇಕು.

ಯಾರು ಸಡಿಲ, ಯಾರು ಬಿಗಿ ಎಂದು ಊಹಿಸಲು ಹೊರಟರೆ ಎಡವುತ್ತೇವೆ. ಉದಾರವಾದಿಗಳ ನಾಡಾದ ಪುಟ್ಟ ವರ್ಮಾಂಟ್ ಪರ್ಮಿಟ್ ಎಂಬುದನ್ನೇ ಕಂಡಿಲ್ಲ. ರಟ್‌ಲ್ಯಾಂಡ್ ಪಟ್ಟಣ ಅಂಥದ್ದೊಂದು ನಿಯಮ ತಂದಾಗ 1903ರಲ್ಲೇ ಅಲ್ಲಿನ ನ್ಯಾಯಾಲಯ ಹೊಡೆದುಹಾಕಿತು. ಟೆಕ್ಸಾಸ್ ಕಥೆ ಇನ್ನೂ ಮಜಾ. ಕೌಬಾಯ್ ಸಿನಿಮಾ ನೋಡಿ ಬೆಳೆದ ನಾವು ಅಲ್ಲಿ ಸೊಂಟಕ್ಕೆ ಪಿಸ್ತೂಲು ಸದಾ ಸಲ್ಲುತ್ತಿತ್ತು ಅಂದುಕೊಂಡಿದ್ದೇವೆ. ನಿಜಕ್ಕೂ 1871ರಲ್ಲೇ ಅಲ್ಲಿ ಪಿಸ್ತೂಲು ಹೊತ್ತು ತಿರುಗುವುದಕ್ಕೆ ನಿಷೇಧ ಬಂದಿತ್ತು. ಲೈಸೆನ್ಸ್ ಇದ್ದವರು ಎಲ್ಲರಿಗೂ ಕಾಣುವಂತೆ ಕಟ್ಟಿಕೊಳ್ಳಲು 2016ರವರೆಗೆ ಕಾಯಬೇಕಾಯಿತು. 2021ರಲ್ಲಿ ಲೈಸೆನ್ಸೂ ಬೇಡವಾಯಿತು. 2024ರ ಹೊತ್ತಿಗೆ ಹೀಗೆ ಪರ್ಮಿಟ್ ಕೇಳದ ರಾಜ್ಯಗಳು 29.

ನ್ಯೂಯಾರ್ಕ್ ಎದುರು ದಿಕ್ಕಿನದು. 1911ರ ಸಲಿವನ್ ಕಾಯ್ದೆಯ ಪರಂಪರೆಯಲ್ಲಿ ಅರ್ಜಿದಾರ ತನಗೇನು ವಿಶೇಷ ಅಗತ್ಯ ಎಂದು ರುಜುವಾತುಪಡಿಸಬೇಕಿತ್ತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಅದನ್ನು ರದ್ದುಮಾಡಿತು. ರಾಜ್ಯ ಸುಮ್ಮನಾಗಲಿಲ್ಲ: 16 ಗಂಟೆ ಪಾಠ, 2 ಗಂಟೆ ಗುಂಡು ಹಾರಿಸುವ ತರಬೇತಿ ಕಡ್ಡಾಯ ಮಾಡಿ, ಟೈಮ್ಸ್ ಸ್ಕ್ವೇರ್‌ನಲ್ಲಿ ಕೋವಿ ನಿಷಿದ್ಧ ಎಂದು ಸಾರಿತು. ಬಾಗಿಲು ತೆರೆ ಎಂದರೆ ಹೊಸ್ತಿಲು ಎತ್ತರಿಸಿದ ಹಾಗೆ! ಜನದಟ್ಟಣೆಯ ಆ ಜಾಗ ನೋಡಿದರೆ, ಹೊಸ್ತಿಲು ಇರುವುದೇ ಸರಿಯೆಂದು ನನಗನ್ನಿಸುತ್ತದೆ.

ಅಲ್ಲಿರುವ ನಮ್ಮವರ ಪಾಡು? ಎಚ್‌1ಬಿ ವೀಸಾದವರು, ರಾಜ್ಯ ಎಷ್ಟೇ ಸಡಿಲವಿರಲಿ, ಕೇಂದ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಒಂದು ಕಿಂಡಿಯಿದೆ: ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು. ಇತ್ತ ನಮ್ಮ ಕೊಡಗಿನಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನಿಂದ 1861ರಿಂದಲೂ ವಿನಾಯಿತಿಯಿದೆ. 2019ರಲ್ಲಿ ಭಾರತದ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಹಾಗಾಗಿ ಕೈಲ್‌ಪೊಳ್ದ್ ಹಬ್ಬಕ್ಕೆ ಐನ್‌ಮನೆಯಲ್ಲಿ ಕೋವಿಗೆ ಹೂ ಮುಡಿಸಿ ಬೆಳೆದ ಹುಡುಗ, ಪರ್ಮಿಟ್ಟೇ ಬೇಡದ ಆಸ್ಟಿನ್‌ಗೆ ಎಂಜಿನಿಯರ್ ಆಗಿ ಹೋದರೆ, ಮೊದಲು ಜಿಂಕೆ ಬೇಟೆಗೆ ಅರ್ಜಿ ಹಾಕಬೇಕು.