ತೋಳಿನ ಸೆನ್ಸರ್ ಹೇಳಿದ್ದೆಲ್ಲ ನಿಜಾನಾ?

ದಾವಣಗೆರೆಯ ಆವರಗೆರೆಯಿಂದ ವೀಕ್ಷಕರೊಬ್ಬರ ಪ್ರಶ್ನೆ: 'ಸರ್, ಬೆಣ್ಣೆದೋಸೆ ತಿಂದು ಅರ್ಧ ಗಂಟೆಗೆ ತೋಳಿನ ಸೆನ್ಸರ್ 210 ಅಂತು, ಬೆರಳು ಚುಚ್ಚಿದ್ರೆ 240. ಯಾವುದನ್ನ ನಂಬಲಿ?'

ನೋಡಿ, ಇಲ್ಲಿ ಎರಡೂ ಸರಿ ಇರಬಹುದು. ಗ್ಲುಕೋಮೀಟರ್ ಅಳೆಯೋದು ರಕ್ತದ ಸಕ್ಕರೆ. ಸೆನ್ಸರ್ ಅಳೆಯೋದು ಚರ್ಮದಡಿ ಜೀವಕೋಶಗಳ ನಡುವಿನ ದ್ರವದಲ್ಲಿರುವ ಸಕ್ಕರೆ. ರಕ್ತದ ಏರಿಳಿತ ಅಲ್ಲಿ ಕಾಣೋಕೆ ಸುಮಾರು 5ರಿಂದ 15 ನಿಮಿಷ ಬೇಕು. ಸಕ್ಕರೆ ಏರುವಾಗ ಸೆನ್ಸರ್ ಕಡಿಮೆ ತೋರಿಸಬಹುದು. ಇಳಿಯುವಾಗ ಹೆಚ್ಚು ತೋರಿಸಬಹುದು, ಅಪಾಯ ಇರೋದೇ ಇಲ್ಲಿ.

ಕಂಪನಿಗಳು ಹೇಳುವ 'ಮಾರ್ಡ್' ಅಂದ್ರೆ ಸರಾಸರಿ ವ್ಯತ್ಯಾಸ. ಮಾರ್ಡ್ ಶೇ. 9 ಅಂದ್ರೆ, 200 ಇರುವಾಗ ಸುಮಾರು 18 ಆಚೀಚೆ. ಅದು ಸರಾಸರಿ ಮಾತ್ರ. ಒಮ್ಮೊಮ್ಮೆ ಇನ್ನೂ ಹೆಚ್ಚು ತಪ್ಪಬಹುದು. ಹಾಕಿಸಿಕೊಂಡ ಮೊದಲ ದಿನ ತಪ್ಪು ಜಾಸ್ತಿ. ಆ ತೋಳಿನ ಮೇಲೇ ಮಲಗಿದ್ರೆ ಒತ್ತಡಕ್ಕೆ ಸುಳ್ಳೇ 'ಲೋ' ಅಂತ ಅಲಾರಂ ಹೊಡೆಯಬಹುದು.

ಹಾಗಂತ ಕಿತ್ತು ಬಿಸಾಡಬೇಡಿ. ಬೆರಳಿನ ಪರೀಕ್ಷೆ ಒಂದು ಫೋಟೋ, ಸೆನ್ಸರ್ ಇಡೀ ದಿನದ ವಿಡಿಯೋ. ಅಂಕಿಯ ಜೊತೆ ಬಾಣದ ಗುರುತನ್ನೂ ನೋಡಿ. ಬೆವರು, ನಡುಕ ಶುರುವಾಗಿದ್ದರೂ ಸೆನ್ಸರ್ 110 ಅಂತಿದ್ರೆ, ಇನ್ಸುಲಿನ್ ಮುಟ್ಟುವ ಮೊದಲು ಬೆರಳು ಚುಚ್ಚಿ ನೋಡಿ. ಮೀಟರ್ ಕೈಗೆ ಸಿಗದಿದ್ರೆ ಮೊದಲು ಸಕ್ಕರೆ ಬಾಯಿಗೆ ಹಾಕಿ. ಲೆಕ್ಕ ಆಮೇಲೆ.