ಸಿಹಿಗೆ ಸಿಹಿ ಕೂಡಿಸಿದರೆ ಹುಳಿ

ಗಣೇಶ್ ದಾಳಿಂಬೆ ಸಿಹಿ. ಕಾಬೂಲ್ ಯೆಲ್ಲೊ ತಳಿಯೂ ಸಿಹಿಯೇ. ಇವೆರಡನ್ನು ಕೂಡಿಸಿ ಬೆಳೆಸಿದ ಗಿಡದ ಹಣ್ಣು ಹೇಗಿರಬೇಕು? ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ವಿಜ್ಞಾನಿ ಎಸ್.ಎಚ್. ಜಾಲಿಕೊಪ್ ಅವರಿಗೆ ಸಿಕ್ಕಿದ್ದು ಹುಳಿ ಹಣ್ಣು. ತಾಯಿಗಿಡದಲ್ಲಿಲ್ಲದ, ತಂದೆಗಿಡದಲ್ಲೂ ಇಲ್ಲದ ಹುಳಿ. 2007ರಲ್ಲಿ 'ಯುಫಿಟಿಕಾ' ಪತ್ರಿಕೆಯಲ್ಲಿ ಅವರು ಅದರ ಕಾರಣವನ್ನು ಚರ್ಚಿಸಿದರು. ಹುಳಿಯನ್ನು ನಿರ್ಧರಿಸುವುದು ಒಂದೇ ಜೀನ್ ಅಲ್ಲ. ಬೇರೆ ಬೇರೆ ತಳಿಗಳಲ್ಲಿ ಸುಮ್ಮನಿದ್ದ ಜೀನ್‌ಗಳು ಒಂದೇ ಗಿಡದಲ್ಲಿ ಸೇರಿದಾಗ ರುಚಿಯನ್ನೇ ತಿರುಗಿಸಿಬಿಡಬಲ್ಲವು.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಇದು ದೂರದ ಸುದ್ದಿಯಲ್ಲ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ, ಅದೂ ನೆಚ್ಚುವಂಥದ್ದಲ್ಲ. ಇಂಥ ನೆಲದಲ್ಲಿ ಜೋಳದ ಜೊತೆಗೆ ನಾಲ್ಕು ಕಾಸು ತಂದುಕೊಟ್ಟ ಬೆಳೆ ದಾಳಿಂಬೆ. 1990ರಲ್ಲಿ ಮಹಾರಾಷ್ಟ್ರ ಸರ್ಕಾರ ಉದ್ಯೋಗ ಖಾತರಿ ಯೋಜನೆಗೆ ತೋಟಗಾರಿಕೆಯನ್ನು ಜೋಡಿಸಿದ ಮೇಲೆ ಅದು ಹೊಲದಿಂದ ಹೊಲಕ್ಕೆ ಹಬ್ಬಿತು. ಆಮೇಲೆ ಎಲೆ, ಕಾಯಿಗಳ ಮೇಲೆ ಎಣ್ಣೆ ಬಿದ್ದಂಥ ಕಲೆ ಮೂಡಿಸಿ ಹಣ್ಣನ್ನು ಸೀಳಿಬಿಡುವ ದುಂಡಾಣು ಅಂಗಮಾರಿ ರೋಗವೂ ಬಂತು. ಇಲ್ಲಿಯವರು ಅದನ್ನು ತೇಲ್ಯಾ ಅನ್ನುತ್ತಾರೆ. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾಯಿತು. ಪುಣೆ ರಸ್ತೆಯ ಕೇಗಾವ್ ಬಳಿ ಅದರ ತೋಟಗಳಿವೆ.

ಅಲ್ಲಿ ನಡೆಯುವ ಸಂಕರದ ಕೆಲಸ ನೋಡಲು ಬಲು ಸರಳ. ಹಿತ್ತಲಲ್ಲಿ ಎರಡು ಜಾತಿಯ ದಾಳಿಂಬೆ ಇದ್ದವರು ಮನೆಯಲ್ಲೇ ಮಾಡಬಹುದು. ಮೊದಲು ಹೂವನ್ನು ಗುರುತಿಸಬೇಕು. ಒಂದೇ ಗಿಡದಲ್ಲಿ ಬುಡ ಚೂಪಾದ ಹೂಗಳೂ ಬುಡ ಉಬ್ಬಿದ ಹೂಗಳೂ ಇರುತ್ತವೆ. ಚೂಪು ಬುಡದವು ಗಂಡು, ಉದುರಿಹೋಗುತ್ತವೆ. ಕಾಯಿ ಕಟ್ಟುವುದು ಉಬ್ಬಿದವು. ಅಂಥದೊಂದು ಮೊಗ್ಗು ನಾಳೆಯೋ ನಾಡಿದ್ದೋ ಅರಳಲಿದೆ ಅನ್ನುವಾಗ ಅದರ ದಪ್ಪ ಕೆಂಪು ಸಿಪ್ಪೆಯ ತುದಿಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ಯಬೇಕು. ಒಳಗೆ ಪೆಟ್ಟಿಗೆಯಲ್ಲಿ ತುರುಕಿಟ್ಟ ಸೀರೆಯ ಹಾಗೆ ಮುದುಡಿದ ಎಸಳುಗಳು. ಅವನ್ನು ತೆಗೆದರೆ ಒಳಗೋಡೆಗೆ ಅಂಟಿಕೊಂಡ ನೂರಾರು ಪುಂಕೇಸರಗಳು ಕಾಣುತ್ತವೆ. ಪರಾಗ ಚೆಲ್ಲುವ ಮುನ್ನ ಒಂದನ್ನೂ ಬಿಡದೆ ಚಿಮಟದಿಂದ ಕಿತ್ತು, ನಡುವಿನ ಶಲಾಕೆಗೆ ಪೆಟ್ಟಾಗದಂತೆ ಉಳಿಸಿ, ಕಾಗದದ ಚೀಲ ಕಟ್ಟಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು ಕುಂಚದಿಂದ ಸವರಿ ಮತ್ತೆ ಚೀಲ ಕಟ್ಟಿ, ಚೀಟಿ ತೂಗಿಸಬೇಕು. ಚೀಟಿ ಕಳೆದರೆ ಇಡೀ ಕೆಲಸ ನೀರಲ್ಲಿ ಹೋಮ.

ಮುಂದಿನದು ಕಾಯುವಿಕೆ. ಹೂವು ಹಣ್ಣಾಗಲು ಐದಾರು ತಿಂಗಳು. ಕಾಳಿನ ರಸ ತೊಳೆದು ಬೀಜ ಬಿತ್ತಿ, ಸಸಿ ಬೆಳೆದು ಫಲ ಕೊಡಲು ಮತ್ತೆ ಎರಡು ಮೂರು ವರ್ಷ. ಮೊದಲ ಪೀಳಿಗೆಯ ಹಣ್ಣಿನ ಬೀಜವನ್ನೇ ಮತ್ತೆ ಬಿತ್ತಿದರೆ ಎರಡನೇ ಪೀಳಿಗೆಯಲ್ಲಿ ಗುಣಗಳು ಚೆಲ್ಲಾಪಿಲ್ಲಿಯಾಗುತ್ತವೆ: ಒಂದು ಸಿಹಿ, ಒಂದು ಹುಳಿ, ಒಂದರ ಕಾಳು ಬಿಳಿ, ಇನ್ನೊಂದರ ಬೀಜ ಗಟ್ಟಿ. ಹುಡುಕಾಟ ನಡೆಯುವುದೇ ಈ ಗದ್ದಲದಲ್ಲಿ.

ಕೇಗಾವ್‌ನವರು ಹುಡುಕಲು ಹೊರಟ ವಂಶ ವಿಚಿತ್ರವಾದದ್ದು. ಒಂದು ಕಡೆ ಪೇಟೆಯ ರಾಜ ಭಗವಾ. ರಾಹುರಿಯ ಕೃಷಿ ವಿದ್ಯಾಪೀಠ ಗಣೇಶ್‌ಗೆ ಗುಲ್-ಎ-ಶಾ ರೆಡ್ ಕೂಡಿಸಿ ಪಡೆದ ಸಂತತಿ. ಇನ್ನೊಂದು ಕಡೆ ಗಣೇಶ್, ನಾನಾ, ದಾರು ಮೂರೂ ಬೆರೆತ ಗಿಡ. ನಾನಾ ಕುಂಡದಲ್ಲಿ ಅಂದಕ್ಕೆ ಬೆಳೆಸುವ ಗುಜ್ಜಾರಿ. ದಾರು ಹಿಮಾಲಯದ ಇಳಿಜಾರಿನ ಕಾಡುದಾಳಿಂಬೆ, ಅಲ್ಲಿಯವರು ಒಣಗಿಸಿ ಅಡುಗೆಗೆ ಹುಳಿಯಾಗಿ ಬಳಸುವಂಥದ್ದು. ತಿನ್ನುವ ಹಣ್ಣಿಗಾಗಿ ಇವೆರಡನ್ನು ಯಾರೂ ನೆಡುವುದಿಲ್ಲ. ಆದರೂ ಆ ರಕ್ತ ಸೇರಿದ ಸಂತತಿಯಿಂದಲೇ ಕಡುಗೆಂಪು ಕಾಳಿನ 'ಸೊಲ್ಲಾಪುರ ಲಾಲ್' ಸಿಕ್ಕಿತು. 2017ರಲ್ಲಿ ಅದು ಬಿಡುಗಡೆಯಾಯಿತು. ನೂರು ಗ್ರಾಂ ಕಾಳಿನಲ್ಲಿ 5.6ರಿಂದ 6.1 ಮಿ.ಗ್ರಾಂ ಕಬ್ಬಿಣ, ಗಣೇಶ್‌ನಲ್ಲಿ ಇರುವುದು 2.7ರಿಂದ 3.2. ಸತು, ಸಿ ಜೀವಸತ್ವಗಳೂ ಹೆಚ್ಚು. ರಕ್ತಹೀನತೆ ಮನೆಮನೆಯ ಮಾತಾಗಿರುವ ನಾಡಿಗೆ ಇದು ಸಣ್ಣ ಸಂಗತಿಯಲ್ಲ. ನನ್ನ ಮಟ್ಟಿಗೆ ಬಣ್ಣ, ಗಾತ್ರಗಳಿಗಿಂತ ಇದೇ ಆ ತಳಿಯ ದೊಡ್ಡ ಗುಣ.

ಒಮ್ಮೆ ಒಳ್ಳೆಯ ಗಿಡ ಸಿಕ್ಕರೆ ದಾಳಿಂಬೆಯಲ್ಲಿ ಒಂದು ಅನುಕೂಲವಿದೆ. ಬೀಜದಿಂದ ಬೆಳೆಸಿದರೆ ಗುಣ ಚದುರುತ್ತದೆ, ಗೂಟಿ ಕಟ್ಟಿದರೆ ತಾಯಿಯ ಗುಣ ಹಾಗೇ ಉಳಿಯುತ್ತದೆ. ಒಂದು ಗಿಡದಿಂದ ಸಾವಿರ ಗಿಡ, ಎಲ್ಲವೂ ಅದೇ.

ತೇಲ್ಯಾ ಮಾತ್ರ ಇನ್ನೂ ರೈತರನ್ನು ಕಾಡುತ್ತಲೇ ಇದೆ. ಅದಕ್ಕೆ ಜಗ್ಗದ, ತಿನ್ನಲೂ ರುಚಿಯಾದ ತಳಿಗಾಗಿ ಮೊಗ್ಗು ಕೊಯ್ದು ಚೀಲ ಕಟ್ಟುವ ಕೆಲಸ ನಿಲ್ಲುವಂತಿಲ್ಲ. ಆ ಗಿಡ ಕೇಂದ್ರದ ತೋಟದಲ್ಲೇ ಹುಟ್ಟಬೇಕೆಂದೂ ಇಲ್ಲ. ಈ ಕತೆಯ ಹಿರಿಯ ಗಣೇಶ್ ಯಾರೂ ಕೈಯಾರೆ ಕೂಡಿಸಿ ಪಡೆದದ್ದಲ್ಲ. ಪುಣೆಯ ಗಣೇಶಖಿಂಡದಲ್ಲಿ ಜಿ.ಎಸ್. ಚೀಮಾ ಅವರು ಆಳಂದಿ ದಾಳಿಂಬೆಯ ಬೀಜದ ಸಸಿಗಳ ನಡುವೆ 1936ರಲ್ಲಿ ಆರಿಸಿದ್ದು. ಆದ್ದರಿಂದ ಅಕ್ಕಲಕೋಟೆಯ ಬದುವಿನ ಮೇಲೆ ತಾನಾಗಿ ಹುಟ್ಟಿದ ದಾಳಿಂಬೆಯೊಂದು ಸುತ್ತಲಿನ ತೋಟಕ್ಕೆಲ್ಲ ರೋಗ ಬಿದ್ದಾಗಲೂ ಹಸಿರಾಗಿ ನಿಂತಿದ್ದರೆ, ರೈತರು ಅದನ್ನು ಕಡಿಯುವ ಮುನ್ನ ಕೇಗಾವ್‌ಗೆ ಒಂದು ಮಾತು ತಿಳಿಸಲಿ.